ಹಳೆ ಕಾರಿನ ಪಟ್ಟಿ: ಯಾವ ಕೆಲಸ ಈಗಲೇ ಆಗಬೇಕು?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಹತ್ತು ಹದಿನೈದು ವರ್ಷ ಓಡಿದ ಆಲ್ಟೊ, ಓಮ್ನಿ, ವ್ಯಾಗನ್ ಆರ್ ಅಥವಾ ಬೊಲೆರೊ ಇಟ್ಟುಕೊಂಡವರಿಗಾಗಿ ಇವತ್ತಿನ ಮಾತು. ಆಯಿಲ್ ಚೇಂಜ್ ಮಾಡಿಸಲು ಬೆಳಿಗ್ಗೆ ಗಾಡಿ ಬಿಟ್ಟಿರುತ್ತೀರಿ. ಮಧ್ಯಾಹ್ನ ಗ್ಯಾರೇಜಿನಿಂದ ಫೋನ್ ಬರುತ್ತದೆ: ಬ್ರೇಕ್ ಪ್ಯಾಡ್ ಸವೆದಿದೆ, ಬ್ರೇಕ್ ಆಯಿಲ್ ಬದಲಿಸಬೇಕು, ಲೋಯರ್ ಆರ್ಮ್ ಬುಶ್ ಹೋಗಿದೆ, ಕೂಲಂಟ್ ಹಾಕಬೇಕು, ಎಂಜಿನ್ ಫ್ಲಶ್ ಮಾಡಿಸಿದರೆ ಒಳ್ಳೆಯದು. ಕೇಳಿದ ಕೂಡಲೇ ಮನಸ್ಸಿಗೆ ಬರುವುದು ಒಂದೇ ಪ್ರಶ್ನೆ, ನನಗೆ ಟೋಪಿ ಹಾಕುತ್ತಿದ್ದಾರಾ ಎಂದು. ಅನುಮಾನ ಸಹಜ, ಆದರೆ ಅದು ಅರ್ಧ ಸತ್ಯವನ್ನಷ್ಟೇ ತೋರಿಸುತ್ತದೆ. ಪಟ್ಟಿಯ ಉದ್ದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು, ಗಾಡಿಯನ್ನು ಸರಿಯಾಗಿ ನೋಡದೆ ಪಟ್ಟಿ ಮಾಡುವ ರೂಢಿ. ಈ ರೂಢಿ ಬೆಳೆದದ್ದರಲ್ಲಿ ಗ್ರಾಹಕರಾದ ನಮ್ಮ ಪಾಲೂ ಇದೆ.

ಇದಕ್ಕೆ ಒಂದು ಆಧಾರ ಕೊಡುತ್ತೇನೆ. ಹೆನ್ರಿ ಷ್ನೈಡರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಏನೇನು ದೋಷ ಇದೆಯೆಂದು ಮೊದಲೇ ಗೊತ್ತಿದ್ದ ಕಾರೊಂದನ್ನು ಅವರು ಸಾಮಾನ್ಯ ಗ್ರಾಹಕರಂತೆ ಹಲವು ಗ್ಯಾರೇಜುಗಳಿಗೆ ಒಯ್ದರು. ಸುಮಾರು ಕಾಲು ಭಾಗದಷ್ಟು ಭೇಟಿಗಳಲ್ಲಿ ಬೇಡದ ಕೆಲಸ ಹೇಳಿದರು. ಅದು ನಾವು ನಿರೀಕ್ಷಿಸುವಂಥದ್ದೇ. ಆದರೆ ಮುಕ್ಕಾಲು ಭಾಗದಷ್ಟು ಭೇಟಿಗಳಲ್ಲಿ ನಿಜವಾಗಿ ಇದ್ದ ದೋಷವೇ ತಪ್ಪಿಹೋಗಿತ್ತು. ಅಂದರೆ ಸುಳ್ಳು ಹೇಳಿ ಕಾಸು ಕಿತ್ತದ್ದಕ್ಕಿಂತ ನೋಡದೆ ಬಿಟ್ಟದ್ದು ಬಹಳ ಹೆಚ್ಚು. ನಮ್ಮ ಊರುಗಳಲ್ಲೂ ಇದೇ ಲೆಕ್ಕ ಎಂದು ನಾನು ಹೇಳುವುದಿಲ್ಲ. ಕಾರಣ ಮಾತ್ರ ಇಲ್ಲೂ ಇದೆ. ನಮ್ಮ ಗ್ಯಾರೇಜಿನವರಿಗೆ ದುಡ್ಡು ಹುಟ್ಟುವುದು ಬಿಡಿಭಾಗದಿಂದ ಮತ್ತು ಅದನ್ನು ಹಾಕುವ ಮಜೂರಿಯಿಂದ. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ, ನಾಲ್ಕೂ ಗಾಲಿ ಬಿಚ್ಚಿ, ಅರ್ಧ ಗಂಟೆ ನೋಡಿ ‘ಏನೂ ತೊಂದರೆ ಇಲ್ಲ’ ಎಂದರೆ ಅವರಿಗೆ ಒಂದು ಪೈಸೆಯೂ ಇಲ್ಲ. ನೋಡಿದ್ದಕ್ಕೆ ಕೂಲಿ ಸಿಗದಿದ್ದರೆ ಯಾರು ತಾನೇ ನೋಡುತ್ತಾರೆ? ಹಾಗಾಗಿ ಗಾಡಿ ಬಿಡುವಾಗಲೇ ಹೇಳಿ: ಪೂರ್ತಿ ಚೆಕ್ ಮಾಡಿ, ಅದರ ಮಜೂರಿ ಬೇರೆ ಕೊಡುತ್ತೇನೆ, ಕೆಲಸ ಮಾಡಿಸುವುದು ಬಿಡುವುದು ಆಮೇಲೆ ನೋಡೋಣ. ಆ ಕೆಲವು ನೂರು ರೂಪಾಯಿ ಬಹಳ ಕೆಲಸ ಮಾಡುತ್ತದೆ.

ಜೊತೆಗೆ ಇನ್ನೊಂದು ಮಾತು ಹೇಳಲೇಬೇಕು, ಗಾಡಿ ಯಾವ ರಸ್ತೆಯಲ್ಲಿ ಓಡುತ್ತದೆ ಎಂಬುದು. ಕಂಪನಿಯ ಪುಸ್ತಕದಲ್ಲಿರುವ ಕಿಲೋಮೀಟರ್ ಲೆಕ್ಕ ಸರಾಸರಿ ಗಾಡಿಗೆ ಬರೆದದ್ದು. ಮುಂಡಗೋಡದಿಂದ ಹುಬ್ಬಳ್ಳಿಗೆ, ಹಳಿಯಾಳದಿಂದ ಧಾರವಾಡಕ್ಕೆ ಓಡಾಡುವ ಗಾಡಿಯೂ ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾ ಮೇಲೆ ಕಾರವಾರಕ್ಕೆ ಹೋಗುವ ಗಾಡಿಯೂ ವಯಸ್ಸಿನಲ್ಲಿ ಒಂದೇ ಇರಬಹುದು, ಸವೆಯುವ ರೀತಿ ಬೇರೆ. ಬ್ರೇಕ್ ಆಯಿಲನ್ನೇ ತೆಗೆದುಕೊಳ್ಳಿ. ಪಟ್ಟಿಯಲ್ಲಿ ಜನ ಮೊದಲು ಹೊಡೆದುಹಾಕುವುದು ಇದನ್ನೇ, ಯಾಕೆಂದರೆ ಆಯಿಲ್ ಕಡಿಮೆಯಾಗಿರುವುದಿಲ್ಲ, ಬ್ರೇಕ್ ಕೂಡ ಹಿಡಿಯುತ್ತಿರುತ್ತದೆ. ಆದರೆ ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ಶೇಕಡಾ 3.7ರಷ್ಟು ನೀರು ಸೇರಿದ ಆಯಿಲಿಗೆ ಈ ಮಿತಿ 155ಕ್ಕೆ ಇಳಿಯುತ್ತದೆ, ಡಾಟ್ 3 ಆದರೆ 140ಕ್ಕೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಹೋದಾಗ ಡಿಸ್ಕು, ಪ್ಯಾಡು, ಕ್ಯಾಲಿಪರ್ ಎಲ್ಲ ಕಾಯುತ್ತವೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆಯಿಲನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹಾಗಾಗಿ ಪೆಡಲ್ ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಊರೊಳಗೆ ಸಂತೆಗೆ ಹೋಗಿಬರುವಾಗ ಇದು ಎಂದೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ತಿರುವಿನಲ್ಲೇ. ನಾಲ್ಕಾರು ತಿಂಗಳು ಗಾಳಿಯಲ್ಲೇ ನೀರು ತುಂಬಿರುವ ಜೋಯಿಡಾದಂಥ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವ ಮೆಕ್ಯಾನಿಕ್ ನಿಮ್ಮ ಹಿತವನ್ನೇ ಹೇಳುತ್ತಿದ್ದಾರೆ. ಮಜೂರಿ ಸೇರಿ ಇಡೀ ಪಟ್ಟಿಯಲ್ಲಿ ಅಗ್ಗದ ಕೆಲಸಗಳಲ್ಲಿ ಅದೂ ಒಂದು.

ಮಳೆ ಮಾಡುವ ಇನ್ನೊಂದು ಹಾನಿ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಬಾನೆಟ್ ಎತ್ತಿ, ವೈಪರಿನ ಕೆಳಗಿನ ಕಪ್ಪು ಪ್ಲಾಸ್ಟಿಕ್ ಜಾಲರಿಯನ್ನು ನೋಡಿ. ಮರದ ಕೆಳಗೆ ನಿಲ್ಲುವ ಗಾಡಿಯಾದರೆ ಅದರೊಳಗೆ ಎಲೆ, ಹೂವು, ಕಡ್ಡಿ ಕೊಳೆತು ಕಪ್ಪು ಗೊಬ್ಬರವಾಗಿ ಕೂತಿರುತ್ತದೆ. ನೀರು ಹರಿದುಹೋಗುವ ಕಿಂಡಿ ಅದರಿಂದ ಮುಚ್ಚುತ್ತದೆ, ನಿಂತ ನೀರು ಕಾಲಡಿಯ ಕಾರ್ಪೆಟ್ ಕೆಳಗೆ ಇಳಿಯುತ್ತದೆ, ತಗಡು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಮೇ ತಿಂಗಳಲ್ಲಿ ಐದು ನಿಮಿಷ ಕೈ ಹಾಕಿ ತೆಗೆದರೆ ಮುಗಿಯಿತು, ಬಿಡಿಭಾಗವೇನೂ ಬೇಡ. ಬಯಲಿನ ಬದಿಗಿರುವ ಹಳಿಯಾಳ, ಮುಂಡಗೋಡದ ಗಾಡಿಗಳಿಗೆ ಬೇಸಿಗೆಯ ಧೂಳು ಹೆಚ್ಚು, ಅಲ್ಲಿ ಏರ್ ಫಿಲ್ಟರ್ ಪುಸ್ತಕ ಹೇಳಿದ್ದಕ್ಕಿಂತ ಬೇಗ ಕಟ್ಟಿಕೊಳ್ಳುವುದು ನಿಜ. ರೇಡಿಯೇಟರಿಗೆ ಬರೀ ನೀರು ಹಾಕುವ ಅಭ್ಯಾಸ ಮಾತ್ರ ಎಲ್ಲ ಕಡೆಯೂ ಬಿಡಬೇಕಾದ್ದು. ಕೂಲಂಟ್‌ನಲ್ಲಿ ತುಕ್ಕು ತಡೆಯುವ ಅಂಶ ಇರುತ್ತದೆ, ನೀರು ಬೆರೆಸುತ್ತ ಹೋದಷ್ಟೂ ಅದು ತೆಳುವಾಗುತ್ತದೆ.

ನಮಗೆ ಗಾಡಿಯ ವಿಷಯ ಏನೂ ಗೊತ್ತಿಲ್ಲ, ಅವರು ಹೇಳಿದ್ದು ಸರಿಯೋ ತಪ್ಪೋ ಹೇಗೆ ತಿಳಿಯಬೇಕು ಎಂದು ನೀವು ಕೇಳಬಹುದು. ಮುಖ್ಯವಾದ ಬಹಳಷ್ಟು ಕೆಲಸಗಳನ್ನು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ತಿಳಿಯಬಹುದು. ‘ತೋರಿಸಿ’ ಎಂದು ಕೇಳಿದರೆ ಸಾಕು. ಬ್ರೇಕ್ ಪ್ಯಾಡಿನ ಮಸಾಲೆ ಮೂರು ಮಿಲಿಮೀಟರ್‌ಗೆ ಬಂದಿದ್ದರೆ ಚರ್ಚೆ ಬೇಡ, ಬದಲಿಸಿ. ಅರ್ಧಕ್ಕಿಂತ ಹೆಚ್ಚಿದ್ದರೆ ಮುಂದಿನ ಸರ್ವಿಸ್‌ಗೆ ನೋಡಬಹುದು. ಎತ್ತಿದ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲ ಹಿಡಿದಾಗ ಬಂದರೆ ಹೆಚ್ಚಾಗಿ ಸ್ಟೇರಿಂಗಿನ ಕೊಂಡಿ. ಇವು ಕಳಚಿದರೆ ಗಾಡಿ ನಿಮ್ಮ ಕೈ ಮೀರುತ್ತದೆ, ಹಾಗಾಗಿ ಮುಂದೂಡಬೇಡಿ. ಬುಶ್ ಹಾಗಲ್ಲ. ಗುಂಡಿಯಲ್ಲಿ ಟಕ್ ಟಕ್ ಎನ್ನುತ್ತದೆ, ಟೈರ್ ಓರೆಯಾಗಿ ಸವೆಸುತ್ತದೆ, ಆದರೆ ಪೂರ್ತಿ ಹರಿಯದಿದ್ದರೆ ಒಂದೆರಡು ತಿಂಗಳು ಕಾಯಬಹುದು. ಟೈರಿನ ಬದಿಯಲ್ಲಿ 2319 ಎಂಬಂಥ ನಾಲ್ಕಂಕಿ ಇರುತ್ತದೆ, 2019ರ 23ನೇ ವಾರ ತಯಾರಾದದ್ದು ಎಂದರ್ಥ. ಬಟನ್ ಎಷ್ಟೇ ಉಳಿದಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಮಳೆಗಾಲಕ್ಕೆ ಆ ಟೈರ್ ಬೇಡ. ಇನ್ನು ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್. ಗಾಡಿ ಎಳೆಯುತ್ತಿದೆ, ಹೊಗೆ ಇಲ್ಲ, ಮೈಲೇಜ್ ಬಿದ್ದಿಲ್ಲ ಎಂದಾದರೆ ಇವಕ್ಕೆ ಧೈರ್ಯವಾಗಿ ಬೇಡ ಎನ್ನಿ. ಇಲ್ಲಿ ತೋರಿಸುವುದಕ್ಕೆ ಏನೂ ಇರುವುದಿಲ್ಲ, ವ್ಯತ್ಯಾಸ ಅದೇ.

ಹಾಗಾದರೆ ಹುಬ್ಬಳ್ಳಿಯ ಕಂಪನಿ ಸರ್ವಿಸ್ ಸೆಂಟರಿಗೇ ಒಯ್ಯುವುದು ಮೇಲಲ್ಲವೇ? ವಾರಂಟಿ ಇರುವ ಹೊಸ ಗಾಡಿಗೆ ಹೌದು. ಹಳೆ ಗಾಡಿಗೆ ನನ್ನ ಮತ ಊರಿನ ಮೆಕ್ಯಾನಿಕ್ ಕಡೆಗೆ. ಕೆಲಸ ಮಾಡುವವರ ಜೊತೆಗೇ ನೇರವಾಗಿ ಮಾತಾಡಬಹುದು, ಗಾಲಿ ಬಿಚ್ಚಿದಾಗ ಪಕ್ಕದಲ್ಲೇ ನಿಲ್ಲಬಹುದು, ಅವರಿಗೂ ನಿಮ್ಮ ರಸ್ತೆ ಗೊತ್ತು. ಬಿಲ್ ಮತ್ತು ಬಿಚ್ಚಿದ ಹಳೆ ಭಾಗ ಎರಡನ್ನೂ ಮಾತ್ರ ಕೇಳಿ ಪಡೆಯಿರಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ನಿಮಗೂ ಕೆಲಸಕ್ಕೆ ಬರುತ್ತದೆ, ಬ್ರೇಕ್ ಆಯಿಲ್ ಯಾವಾಗ ಹಾಕಿಸಿದ್ದು ಎಂದು ಎರಡು ವರ್ಷದ ಮೇಲೆ ಅದೇ ಹೇಳಬೇಕು.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಇದು: ಮಾರಿದರೆ ಎಂಬತ್ತು ಸಾವಿರ ಬಾರದ ಗಾಡಿಗೆ ಇಪ್ಪತ್ತು ಸಾವಿರ ಯಾಕೆ ಸುರಿಯಬೇಕು? ಮಾರುವ ಬೆಲೆಯ ಜೊತೆ ಹೋಲಿಸಿದರೆ ಯಾವ ರಿಪೇರಿಯೂ ದುಬಾರಿಯೇ. ಇನ್ನೊಂದು ಗಾಡಿ ಕೊಳ್ಳಲು ಬೇಕಾದ ಹಣದ ಜೊತೆ ಹೋಲಿಸಿ, ಆ ಇಪ್ಪತ್ತು ಸಾವಿರ ಎಷ್ಟು ವರ್ಷ ಓಡಿಸುತ್ತದೆ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಎಂಜಿನ್ನಿನಲ್ಲಿಲ್ಲ, ಗಾಡಿಯ ತಳದಲ್ಲಿದೆ. ಎಂಜಿನ್, ಕ್ಲಚ್, ಸಸ್ಪೆನ್ಶನ್ ಎಲ್ಲವನ್ನೂ ಬದಲಿಸಬಹುದು. ಸಸ್ಪೆನ್ಶನ್ ಕೂರುವ ಜಾಗ, ಬಾಗಿಲಿನ ಕೆಳಗಿನ ಪಟ್ಟಿ, ಚಾಸಿಸ್‌ನ ಅಡ್ಡಪಟ್ಟಿ ತುಕ್ಕು ತಿಂದು ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವಂತಾಗಿದ್ದರೆ ಅಲ್ಲಿ ಹೊಸ ಬುಶ್ ಹಾಕಿಸಿ ಪ್ರಯೋಜನವಿಲ್ಲ. 15 ವರ್ಷ ತುಂಬುವ ಗಾಡಿಗಳ ಮಾಲೀಕರು ಈ ಪರೀಕ್ಷೆಯನ್ನು ದಾಂಡೇಲಿಯ ಆರ್‌ಟಿಓ ಕಚೇರಿಗೆ ಹೋಗುವ ಮುಂಚೆಯೇ ಮಾಡಿಸಬೇಕು. 2022ರ ಏಪ್ರಿಲ್ 1ರಿಂದ ಕಾರಿನ ಆರ್‌ಸಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 5,000ಕ್ಕೆ ಏರಿದೆ. ತಳ ಗಟ್ಟಿಯಿದ್ದರೆ ಆ ಹಣ ಕಟ್ಟಿ, ಬ್ರೇಕು ಟೈರು ಸ್ಟೇರಿಂಗಿನ ಕೆಲಸ ಮುಗಿಸಿ, ಇನ್ನೈದು ವರ್ಷ ಓಡಿಸಿ. ತಳ ಹೋಗಿದ್ದರೆ ಶುಲ್ಕವನ್ನೂ ಕಟ್ಟಬೇಡಿ, ಪಟ್ಟಿಯ ಒಂದು ಕೆಲಸವನ್ನೂ ಮಾಡಿಸಬೇಡಿ.