ಕಟ್ಟುಕಥೆಯೊಳಗಿನ ನಿಜ



ಓದುವ ಹವ್ಯಾಸದ ಬಗ್ಗೆ ಒಂದು ಸಂವಾದವನ್ನು ಚಿತ್ರೀಕರಿಸಲು ನಾವೊಮ್ಮೆ ಚಿತ್ತಾಪುರಕ್ಕೆ ಹೋಗಿದ್ದೆವು. ಸೇಡಂ, ವಾಡಿ, ಶಹಾಬಾದ್, ಚಿಂಚೋಳಿಗಳಿಂದಲೂ ಹುಡುಗ ಹುಡುಗಿಯರು ಬಂದಿದ್ದರು. ಮಾತು ವೈಜ್ಞಾನಿಕ ಕಥೆಗಳ ಕಡೆಗೆ, ಮಾಯಾಮಂತ್ರದ ಅದ್ಭುತ ಕಥೆಗಳ ಕಡೆಗೆ ಹೊರಳಿತು. ಆಗ ವಿಜ್ಞಾನ ಓದುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ನಡೆದಿಲ್ಲ, ನಡೆಯೋದೂ ಇಲ್ಲ ಅಂತ ಗೊತ್ತಿದ್ದದ್ದನ್ನ ಯಾಕ ಓದಬೇಕು? ಅಷ್ಟೊತ್ತಿನಾಗ ನಾಲ್ಕು ಲೆಕ್ಕ ಮಾಡಬಹುದಲ್ಲ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ಕೂಡಲೇ ಬಾಯಿಗೆ ಬರಲಿಲ್ಲ. ಏಕೆಂದರೆ ಅದೇ ಪ್ರಶ್ನೆಯನ್ನು ಬಹಳ ವರ್ಷಗಳ ಹಿಂದೆ ನಾನೂ ಒಬ್ಬರಿಗೆ ಕೇಳಿದ್ದೆ. ಆ ಸಂಗತಿಯನ್ನೇ ಮೊದಲು ನಿಮಗೆ ಹೇಳುತ್ತೇನೆ.

ನನ್ನ ಬಾಲ್ಯ ಕಳೆದದ್ದು ವಾಡಿಯಲ್ಲಿ. ರಾತ್ರಿ ಕರೆಂಟು ಹೋದಾಗ ನಮ್ಮ ಆಯಿ ಅಂಗಳದಲ್ಲಿ ಕುಳಿತು ಕಥೆ ಹೇಳುತ್ತಿದ್ದಳು. ಅವಳಿಗೆ ಬಲು ಇಷ್ಟವಾದದ್ದು ಸನ್ನತಿಯ ಚಂದ್ರಲಾಂಬೆಯ ಕಥೆ. ಭೀಮಾ ನದಿಯ ದಂಡೆಯಲ್ಲಿರುವ ಆ ಗುಡಿಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಸೇತುರಾಜನೆಂಬ ರಾಜ ಒಬ್ಬ ಮುನಿಯ ಹೆಂಡತಿಯನ್ನು ಬಲಾತ್ಕಾರವಾಗಿ ಒಯ್ಯುತ್ತಾನೆ. ಮುನಿಯ ಬಳಿ ದಂಡಿಲ್ಲ, ಕತ್ತಿಯಿಲ್ಲ. ಅವನು ದೇವಿಯ ಮೊರೆಹೋಗುತ್ತಾನೆ. ದೇವಿ ಕಳಿಸಿದ್ದು ದುಂಬಿಗಳನ್ನು. ಅವು ಮುತ್ತಿಕೊಂಡಾಗ ರಾಜ ದಿಕ್ಕುಗೆಟ್ಟು ಓಡಿ ಭೀಮೆಗೆ ಹಾರುತ್ತಾನೆ. ಆದರೂ ಬದುಕುವುದಿಲ್ಲ.

ಬಿ.ಎಸ್ಸಿ. ಸೇರಿದ ಮೊದಲ ವರ್ಷ ರಜೆಗೆ ಬಂದಾಗ ಆಯಿ ಈ ಕಥೆ ಮತ್ತೆ ತೆಗೆದಳು. ನಾನು ಆಗಷ್ಟೇ ಪ್ರಾಣಿಶಾಸ್ತ್ರ ಕಲಿಯುತ್ತಿದ್ದವನು. “ಆಯಿ, ದುಂಬಿಗಿ ದೇವಿ ಮಾತು ಹ್ಯಾಂಗ ತಿಳೀತದ? ಇದೆಲ್ಲಾ ಸುಳ್ಳ ಅದ,” ಎಂದುಬಿಟ್ಟೆ. ಅವಳು ಸಿಟ್ಟಾಗಲಿಲ್ಲ. “ಹೌದೇನಪ್ಪಾ, ನೀ ಓದಿದಾಂವ, ನಿನಗ ಗೊತ್ತು,” ಎಂದು ಸುಮ್ಮನಾದಳು. ಆಮೇಲೆ ನನ್ನೆದುರು ಅವಳು ಕಥೆ ಹೇಳಲಿಲ್ಲ. ಎರಡು ವರ್ಷದ ನಂತರ ತೀರಿಕೊಂಡಳು. ಅವಳ ಬಳಿ ಇನ್ನೆಷ್ಟು ಕಥೆಗಳಿದ್ದವೋ, ಅವೂ ಅವಳ ಜೊತೆಗೇ ಹೋದವು.

ದುಂಬಿಯ ವಿಷಯದಲ್ಲಿ ನನ್ನ ಮಾತು ಸರಿಯಾಗಿಯೇ ಇತ್ತು. ಆದರೆ ಆಯಿ ಹೇಳುತ್ತಿದ್ದ ಸಂಗತಿ ದುಂಬಿಯದಾಗಿರಲಿಲ್ಲ. ಅದು ನನಗೆ ಹೊಳೆದದ್ದು ಒಂದು ಇಂಗ್ಲಿಷ್ ಕಾದಂಬರಿಯಿಂದ. ಎಚ್.ಜಿ. ವೆಲ್ಸ್ ಎಂಬ ಲೇಖಕ 1898ರಲ್ಲಿ ಪ್ರಕಟಿಸಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಅದು. ಮಂಗಳ ಗ್ರಹದ ಜೀವಿಗಳು ದೊಡ್ಡ ಯಂತ್ರಗಳೊಡನೆ ಇಂಗ್ಲೆಂಡಿಗೆ ಇಳಿಯುತ್ತವೆ. ತೋಪು, ಹಡಗು, ಸೈನ್ಯ ಯಾವುದೂ ಅವುಗಳ ಮುಂದೆ ನಿಲ್ಲುವುದಿಲ್ಲ. ಕೊನೆಗೆ ಅವು ಸಾಯುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಂದ. ವೆಲ್ಸ್ ಪ್ರಸಿದ್ಧ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿಯವರ ಪಾಠ ಕೇಳಿದವರು. ಆದ್ದರಿಂದ ಈ ಕಥೆ ಬಹಳ ‘ವೈಜ್ಞಾನಿಕ’ವಾಗಿದೆಯೆಂದು ನಾನು ಮೆಚ್ಚಿಕೊಂಡೆ.

ಪುಸ್ತಕ ಮುಚ್ಚಿಟ್ಟ ಮೇಲೆ ಆಯಿಯ ನೆನಪಾಯಿತು. ಸೋಲಿಲ್ಲದ ಸೈನ್ಯ, ದಿಕ್ಕಿಲ್ಲದ ಜನ, ಬಲಶಾಲಿಯ ಲೆಕ್ಕಕ್ಕೇ ಬಾರದ ಒಂದು ಸಣ್ಣ ಜೀವ: ಇದೇ ಕಥೆಯನ್ನು ಅವಳು ಕತ್ತಲಲ್ಲಿ ಕುಳಿತು ನನಗೆ ಹತ್ತು ಸಲ ಹೇಳಿದ್ದಳು. ಇಂಗ್ಲಿಷಿನಲ್ಲಿ ಬಂದಾಗ ತಲೆದೂಗಿದ ನಾನು ಅಂಗಳದಲ್ಲಿ ಬಂದಾಗ ಅದನ್ನು ಸುಳ್ಳೆಂದಿದ್ದೆ.

ಇನ್ನೊಂದು ವಿಷಯ ಗಮನಿಸಿ. ವೆಲ್ಸ್ ತಮ್ಮ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಟಾಸ್ಮೇನಿಯಾದ ಮೂಲನಿವಾಸಿಗಳನ್ನು ನೆನೆಯುತ್ತಾರೆ. ಯುರೋಪಿನಿಂದ ಬಂದವರು ಅವರನ್ನು ನಾಶ ಮಾಡಿದ್ದರು. ಮಂಗಳದವರು ನಮಗೆ ಮಾಡಿದ್ದನ್ನು ನಾವೇ ಇತರರಿಗೆ ಮಾಡಿಲ್ಲವೇ ಎಂಬುದು ಅಲ್ಲಿರುವ ಪ್ರಶ್ನೆ. ಬ್ರಿಟಿಷ್ ಸಾಮ್ರಾಜ್ಯ ಬಲವಾಗಿದ್ದ ಕಾಲದಲ್ಲಿ ಇದನ್ನು ನೇರವಾಗಿ ಹೇಳಿದ್ದರೆ ಎಷ್ಟು ಜನ ಕಿವಿಗೊಡುತ್ತಿದ್ದರು? ಮಂಗಳ ಗ್ರಹದ ನೆಪದಲ್ಲಿ ಹೇಳಿದಾಗ ಆಳುವವರೂ ಓದಿದರು.

ಹಾಗಾದರೆ ಕಥೆಯ ಒಳಗಿನ ಅರ್ಥವನ್ನು ಹುಡುಕುವುದು ಹೇಗೆ? ನಾನು ಅನುಸರಿಸುವ ದಾರಿ ಸರಳ. ಓದಿ ಮುಗಿಸಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಈ ಕಥೆಯಲ್ಲಿ ಜಗತ್ತಿನಲ್ಲಿಲ್ಲದ ಯಾವ ಒಂದು ವಸ್ತುವನ್ನು ಸೇರಿಸಲಾಗಿದೆ? ಎರಡು, ಅದು ಬಂದ ಮೇಲೆ ಯಾರಿಗೆ ಲಾಭವಾಯಿತು, ಯಾರಿಗೆ ನಷ್ಟವಾಯಿತು? ಮೂರು, ಆ ಲಾಭ ನಷ್ಟ ನಮ್ಮ ಊರಿನಲ್ಲಿ ಎಲ್ಲಾದರೂ ಕಾಣುತ್ತದೆಯೇ?

ಆ ದಿನ ಚಿತ್ತಾಪುರದಲ್ಲಿ ಇದನ್ನು ಪರೀಕ್ಷಿಸಿ ನೋಡಿದೆವು. ವೆಲ್ಸ್ 1895ರಲ್ಲಿ ಬರೆದ ‘ದಿ ಟೈಮ್ ಮಷೀನ್’ ಕಥೆಯನ್ನು ನಾನು ಚಿಕ್ಕದಾಗಿ ಹೇಳಿದೆ. ಒಬ್ಬ ವಿಜ್ಞಾನಿ ಕಾಲದಲ್ಲಿ ಪ್ರಯಾಣ ಮಾಡುವ ಯಂತ್ರ ಕಟ್ಟಿ 8,02,701ನೆಯ ಇಸವಿಗೆ ಹೋಗುತ್ತಾನೆ. ಮನುಷ್ಯ ಕುಲ ಅಲ್ಲಿ ಎರಡಾಗಿ ಒಡೆದಿದೆ. ನೆಲದ ಮೇಲೆ ಸುಂದರ ಕಟ್ಟಡಗಳಲ್ಲಿ ಹಣ್ಣು ತಿಂದು ಆಡುತ್ತಿರುವ ಸುಕುಮಾರರು. ನೆಲದ ಕೆಳಗೆ ಕತ್ತಲಲ್ಲಿ ಯಂತ್ರ ನಡೆಸುವವರು. ಮೇಲಿನವರಿಗೆ ಕೆಲಸವೇ ಮರೆತುಹೋಗಿದೆ. ಕೆಳಗಿನವರು ರಾತ್ರಿ ಮೇಲೆ ಬಂದು ಅವರನ್ನೇ ಹಿಡಿದು ತಿನ್ನುತ್ತಾರೆ.

ಹಿಂದಿನ ಬೆಂಚಿನಿಂದ ಶಹಾಬಾದ್ ಕಡೆಯ ಹುಡುಗನೊಬ್ಬ ಕೇಳಿದ: “ಸರ್, ಆ ಮ್ಯಾಲಿನವರ ಮನಿಗಿ ಪರಸಿ ಯಾರು ಹಾಕ್ಯಾರ?”

ಮಿತ್ರರೇ, ಆ ಹುಡುಗನ ತಂದೆ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಶಹಾಬಾದಿನ ಕಲ್ಲು ದೂರದೂರದ ಮನೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ನೆಲಹಾಸಾಗಿದೆ. ವಾಡಿಯ ಸಿಮೆಂಟಿಗೂ ಇಲ್ಲಿನ ಸುಣ್ಣಕಲ್ಲೇ ಆಧಾರ. ಹಾಸಿದ ಕಲ್ಲಿನ ಮೇಲೆ ನಡೆಯುವವನಿಗೆ ಅದನ್ನು ಸೀಳಿದವನ ಮುಖ ಗೊತ್ತಿರುವುದಿಲ್ಲ. ವೆಲ್ಸ್ ಅವರ ತಾಯಿ ಒಂದು ಶ್ರೀಮಂತರ ಮನೆಯಲ್ಲಿ ಮೇಲ್ವಿಚಾರಕಿಯಾಗಿ ಚಾಕರಿಯಲ್ಲಿದ್ದವರು. ಆ ಮನೆಯ ನೆಲಮಾಳಿಗೆಯಲ್ಲಿ ಆಳುಗಳ ಬದುಕನ್ನು ವೆಲ್ಸ್ ಹತ್ತಿರದಿಂದ ಕಂಡಿದ್ದರು. ಕಥೆಯಲ್ಲಿ ಎಂಟು ಲಕ್ಷ ವರ್ಷ ಆಚೆಗೆ ಇಟ್ಟದ್ದು ಅವರ ಕಾಲದ ಇಂಗ್ಲೆಂಡನ್ನೇ. ಅದು ಗಣಿಯೂರಿನ ಹುಡುಗನಿಗೆ ಒಂದೇ ನಿಮಿಷದಲ್ಲಿ ತಿಳಿಯಿತು.

ವೈಜ್ಞಾನಿಕ ಕಥೆಗಳು ಮುಂದಾಗುವುದನ್ನು ಮೊದಲೇ ಹೇಳುತ್ತವೆ, ಅದೇ ಅವುಗಳ ಹಿರಿಮೆ ಎಂದು ಕೆಲವರು ಹೇಳುವುದುಂಟು. ಇದಕ್ಕೊಂದು ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಮೂಲಕ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಒಂದು ಲೇಖನ ಬರೆದರು. ಮುಂದೆ ವೈಜ್ಞಾನಿಕ ಕಥೆಗಾರರಾಗಿ ಲೋಕಪ್ರಸಿದ್ಧರಾದವರು ಅವರೇ. ಮೂವತ್ತು ವರ್ಷಗಳ ನಂತರ, 1975ರ ಆಗಸ್ಟಿನಲ್ಲಿ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂತು. ‘ಸೈಟ್’ ಎಂಬ ಆ ಪ್ರಯೋಗದಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. ಬೆಂಗಳೂರಿಗೆ ಟಿ.ವಿ. ಬರುವ ಮುಂಚೆಯೇ ಇಲ್ಲಿನ ಶಾಲೆಯ ಮಕ್ಕಳು ಅದರಲ್ಲಿ ವಿಜ್ಞಾನದ ಪಾಠ ನೋಡಿದರು. ಒಂದು ವರ್ಷದ ಅವಧಿ ಮುಗಿದ ಮೇಲೆ ಆ ಉಪಗ್ರಹವನ್ನು ಬೇರೆ ಕಡೆ ಸರಿಸಲಾಯಿತು.

ಟೆಲಿವಿಷನ್ನಿನಲ್ಲೇ ಅನ್ನ ತಿನ್ನುವ ನನಗೆ ಈ ಸಂಗತಿ ಹೆಮ್ಮೆಯದೇ. ಆದರೆ ಯಂತ್ರ ಬಂದ ಮೇಲೆ ಅದರ ಭವಿಷ್ಯವಾಣಿ ಹಳತಾಗುತ್ತದೆ. ಯಂತ್ರದಿಂದ ಏನು ತೋರಿಸಬೇಕು, ಯಾರಿಗೆ ತಲುಪಬೇಕು, ಯಾರು ಹೊರಗುಳಿಯುತ್ತಾರೆ ಎಂಬ ಪ್ರಶ್ನೆಗಳು ಮಾತ್ರ ದಿನವೂ ಎದುರಿಗೆ ನಿಲ್ಲುತ್ತವೆ. ಒಳ್ಳೆಯ ಕಥೆ ಈ ಪ್ರಶ್ನೆಗಳಿಗೆ ನಮ್ಮನ್ನು ಮೊದಲೇ ಅಣಿಗೊಳಿಸುತ್ತದೆ.

ಒಂದು ಎಚ್ಚರಿಕೆಯ ಮಾತೂ ಅಗತ್ಯ. ಒಳ ಅರ್ಥವಿದೆಯೆಂದ ಮಾತ್ರಕ್ಕೆ ಕಥೆ ಇತಿಹಾಸವಾಗುವುದಿಲ್ಲ. ಪುರಾಣದಲ್ಲಿ ವಿಮಾನವಿದೆ, ಆದ್ದರಿಂದ ಹಿಂದೆ ವಿಮಾನವಿತ್ತು ಎನ್ನುವುದು ಕಥೆಗೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ನಡೆಯಿತೇ ಎಂಬುದಕ್ಕೆ ಸಾಕ್ಷಿ ಬೇಕು. ಸನ್ನತಿಯಲ್ಲೇ ಅದಕ್ಕೂ ನಿದರ್ಶನ ಸಿಗುತ್ತದೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಕ್ಷರಗಳು ಕಂಡವು. ಓದಿ ನೋಡಿದರೆ ಅವು ಸಾಮ್ರಾಟ ಅಶೋಕನ ಶಾಸನಗಳು! ನ್ಯಾಯವಾಗಿ ನಡೆದುಕೊಳ್ಳಿ, ಕಾರಣವಿಲ್ಲದೆ ಜನರನ್ನು ಸೆರೆಗೆ ಹಾಕಬೇಡಿ ಎಂಬ ಅರ್ಥದ ಮಾತು ಅಧಿಕಾರಿಗಳಿಗೆ ಅವುಗಳಲ್ಲಿದೆ. ಅನ್ಯಾಯ ಮಾಡಿದ ರಾಜನ ಕಥೆ ಹೇಳುವ ಸ್ಥಳದಲ್ಲೇ ನ್ಯಾಯ ಬೇಡಿದ ರಾಜನ ಬರಹ ಶತಮಾನಗಳಿಂದ ಪೀಠವಾಗಿ ಕುಳಿತಿತ್ತು. ಶಾಸನವನ್ನು ಲಿಪಿತಜ್ಞರು ಓದಿದರು. ಕಥೆಯನ್ನು ನಾವು ಓದಬೇಕು. ಎರಡೂ ಕೆಲಸಗಳು ಬೇಕು, ಎರಡರ ಕ್ರಮ ಬೇರೆ.

ನೀವು ಎಲ್ಲಿಂದ ಆರಂಭಿಸಬಹುದು? ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಓದಿ. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಹಾರುವ ಓತಿಯೊಂದರ ಹುಡುಕಾಟವಿದೆ. ಹಳ್ಳಿಯವರು ಕೆಲಸಕ್ಕೆ ಬಾರದವನೆಂದು ನಗುವ ಮಂದಣ್ಣನ ಮಾತನ್ನು ವಿಜ್ಞಾನಿ ಕರ್ವಾಲೋ ಮನಸ್ಸಿಟ್ಟು ಕೇಳುತ್ತಾರೆ. ಅದನ್ನು ಓದಿದಾಗಲೆಲ್ಲ ನಾನು ಆಯಿಯ ಮಾತು ಕೇಳದೆ ಹೋದದ್ದು ನೆನಪಾಗುತ್ತದೆ.

ಸೇಡಂ ತಾಲ್ಲೂಕಿನ ಮಳಖೇಡ ಹಿಂದೆ ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’, ಕನ್ನಡ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರೆಂದು ಹೊಗಳುತ್ತದೆ. ಒಂಬತ್ತನೆಯ ಶತಮಾನದ ಮಾತು ಅದು. ಅಂಥವರು ನಿಮ್ಮ ಮನೆಯಲ್ಲೂ ಇರಬಹುದು, ಚಿಂಚೋಳಿಯ ತಾಂಡಾಗಳಲ್ಲೂ ಇರಬಹುದು. ಈ ವಾರ ಅವರಲ್ಲೊಬ್ಬರ ಬಳಿ ಕುಳಿತು ಒಂದು ಕಥೆ ಹೇಳಿಸಿಕೊಳ್ಳಿ. ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮೂರು ಪ್ರಶ್ನೆ ಹಾಕಿ ನೋಡಿ. ನಾಲ್ಕು ಲೆಕ್ಕಗಳನ್ನೂ ಮಾಡಿ, ಅದಕ್ಕೂ ಸಮಯ ಸಿಗುತ್ತದೆ. ಆದರೆ ಕಥೆ ಮುಗಿಯುವ ಮೊದಲೇ ‘ಇದು ಸುಳ್ಳು’ ಎನ್ನಬೇಡಿ.