ಸವಣೂರು: ನವಾಬರ ಊರು, ಎಲೆಯ ಊರು, ಶಾಲೆಯ ಊರು

(ಸಂಘದ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ನನಗೆ ಕೊಟ್ಟ ವಿಷಯ 'ಶಿಕ್ಷಣದ ಮಹತ್ವ'. ಬೆಳಗಿನಿಂದ ಇದೇ ವಿಷಯದ ಮೇಲೆ ನೀವು ಮೂರು ಭಾಷಣ ಕೇಳಿದ್ದೀರಿ. ನಾಲ್ಕನೆಯದನ್ನು ಮಾಡಿದರೆ ಹಿಂದಿನ ಸಾಲಿನ ಹುಡುಗರು ಖಂಡಿತ ನಿದ್ದೆ ಹೋಗುತ್ತಾರೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ಒಂದು ಊರಿನ ಬಗ್ಗೆ ಮಾತನಾಡುತ್ತೇನೆ. ಅದು ನನ್ನ ತಾಯಿಯ ತವರು, ಹಾವೇರಿ ಜಿಲ್ಲೆಯ ಸವಣೂರು. ಒಂದು ಪುರಸಭೆ, ಒಂದು ಬಸ್ ನಿಲ್ದಾಣ, ವಾರದ ಸಂತೆ, ಸುತ್ತ ಹೊಲ, ಇಷ್ಟೇ ಇರುವ ಊರು. 2001ರ ಜನಗಣತಿಯಲ್ಲಿ ಅಲ್ಲಿ ಮೂವತ್ತೈದು ಸಾವಿರ ಜನರಿದ್ದರು, 2011ರಲ್ಲಿ ನಲವತ್ತು ಸಾವಿರ ದಾಟಿತ್ತು.

ಮೊದಲು ಊರು ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೋಗುವ ರೈಲು ಯಲವಿಗಿಯಲ್ಲಿ ನಿಲ್ಲುತ್ತದೆ. ಅದು ಸವಣೂರು ತಾಲ್ಲೂಕಿನದೇ ನಿಲ್ದಾಣ. ಪಶ್ಚಿಮಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಬಂಕಾಪುರ, ಅಲ್ಲಿಂದ ಶಿಗ್ಗಾವಿ, ಮುಂದೆ ಹಾನಗಲ್ಲು, ಹೀಗೆ ಹೋದಷ್ಟೂ ಮಲೆನಾಡಿನ ಗಾಳಿ ಬೀಸತೊಡಗುತ್ತದೆ. ಪೂರ್ವಕ್ಕೆ ತಿರುಗಿದರೆ ಅಪ್ಪಟ ಬಯಲುಸೀಮೆ, ಎರೆಹೊಲ, ಹತ್ತಿ, ಜೋಳ, ಮೆಣಸಿನಕಾಯಿ. ಈಚಿನ ವರ್ಷಗಳಲ್ಲಿ ಎಲ್ಲಿ ನೋಡಿದರೂ ಗೋವಿನಜೋಳ. ದಕ್ಷಿಣದ ಹಳ್ಳಿಗಳ ಬದಿಯಲ್ಲಿ ವರದಾ ನದಿ ಹರಿಯುತ್ತದೆ. ಮಳೆಗಾಲ ಜೋರಾದರೆ ಕಳಸೂರಿನಂಥ ಊರುಗಳ ಹೊಲಕ್ಕೆ ನೀರು ನುಗ್ಗುತ್ತದೆ, ಮಳೆ ಕೈಕೊಟ್ಟರೆ ಪಟ್ಟಣದಲ್ಲಿ ಕೊಡಗಳ ಸಾಲು. 1997ರ ಆಗಸ್ಟ್ ತನಕ ಇದೆಲ್ಲ ಧಾರವಾಡ ಜಿಲ್ಲೆಯಲ್ಲಿತ್ತು. ನನ್ನ ವಯಸ್ಸಿನವರಿಗೆ ಇಂದಿಗೂ ಬಾಯಿಗೆ ಬರುವುದು 'ಧಾರವಾಡ ಜಿಲ್ಲಾ' ಎಂದೇ.

ಈಗ ನವಾಬರ ವಿಷಯ. ಬಿಜಾಪುರದ ಆದಿಲಶಾಹಿಯಲ್ಲಿ ಮಿಯಾನಾ ಪಠಾಣರ ಮನೆತನ ದೊಡ್ಡದು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾದ ಮೇಲೆ ಆ ಮನೆತನದ ಅಬ್ದುಲ್ ರವೂಫ್ ಖಾನ್ ಮೊಗಲರ ಸೇವೆಗೆ ಸೇರಿದರು. ಬಂಕಾಪುರದ ಸುತ್ತಲಿನ ಸೀಮೆ ಜಹಗೀರಾಗಿ ಅವರ ಕೈಗೆ ಬಂತು. ಬಂಕಾಪುರ ರಾಷ್ಟ್ರಕೂಟರ ಕಾಲದಿಂದ ಹೆಸರಾದ ಕೋಟೆ. ಅದನ್ನು ಬಿಟ್ಟು ಈ ಮನೆತನ ಸವಣೂರನ್ನು ರಾಜಧಾನಿ ಮಾಡಿಕೊಂಡಿತು.

ಮುಂದಿನ ನೂರು ವರ್ಷ ಈ ಊರಿಗೆ ನೆಮ್ಮದಿ ಇರಲಿಲ್ಲ. ಉತ್ತರದಲ್ಲಿ ಪೇಶ್ವೆ, ಪೂರ್ವದಲ್ಲಿ ನಿಜಾಮ, ದಕ್ಷಿಣದಲ್ಲಿ ಮೈಸೂರು, ಮೂರು ದೊಡ್ಡ ಕಲ್ಲುಗಳ ನಡುವೆ ಒಂದು ಚಿಕ್ಕ ಕಾಳು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಮುತ್ತಿಗೆ ಹಾಕಿದಾಗ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೂ ಊರ ಮುಂದೆ ನಿಂತವು. 1764ರಲ್ಲಿ ಹೈದರಾಲಿ ಬಂದ. ಅದೇ ಹೈದರ್ 1779ರಲ್ಲಿ ಬೀಗನಾದ. ತನ್ನ ಮಗಳನ್ನು ನವಾಬ ಅಬ್ದುಲ್ ಹಕೀಮ್ ಖಾನರ ಹಿರಿಯ ಮಗನಿಗೆ ಕೊಟ್ಟು, ನವಾಬರ ಮಗಳನ್ನು ತನ್ನ ಮಗ ಕರೀಮನಿಗೆ ತಂದುಕೊಂಡ. ಕೊಟ್ಟು ತಂದುಕೊಂಡ ನೆಂಟಸ್ತನವೂ ಬಹಳ ಕಾಲ ಉಳಿಯಲಿಲ್ಲ. 1786ರಲ್ಲಿ ಟಿಪ್ಪು ಸುಲ್ತಾನನ ಸೇನೆ ಸವಣೂರಿನ ಹತ್ತಿರ ಮರಾಠ ಹಾಗೂ ನಿಜಾಮರ ಸೇನೆಯನ್ನು ಎದುರಿಸಿದಾಗ ನವಾಬರು ಇದ್ದದ್ದು ಮರಾಠರ ಕಡೆಗೆ. ಶಾಲೆಯ ಪುಸ್ತಕದಲ್ಲಿ ನಾವು ಈ ಯುದ್ಧಗಳನ್ನು ಒಂದು ಮತದವರು ಇನ್ನೊಂದು ಮತದವರ ಮೇಲೆ ಮಾಡಿದ್ದು ಎಂಬಂತೆ ಓದುತ್ತೇವೆ. ಸವಣೂರಿನಲ್ಲಿ ನಿಂತು ನೋಡಿದರೆ ಆ ಲೆಕ್ಕ ತಾಳೆಯಾಗುವುದಿಲ್ಲ. ಅಲ್ಲಿ ಬೀಗರ ಮೇಲೆ ಬೀಗರು, ಬಾಕಿ ಹಣಕ್ಕಾಗಿ ಜಗಳ, ಕಪ್ಪಕಾಣಿಕೆಗಾಗಿ ಮುತ್ತಿಗೆ.

ಕೊನೆಗೆ ಮನೆತನಕ್ಕೆ ಉಳಿದದ್ದು ಇಪ್ಪತ್ತೈದು ಹಳ್ಳಿ, ಎಪ್ಪತ್ತು ಚದರ ಮೈಲಿಯಷ್ಟು ನೆಲ. ಬೆಳಿಗ್ಗೆ ಒಂದು ಕಡೆಯಿಂದ ನಡೆಯಲು ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೊಂದು ಕಡೆ ಮುಟ್ಟಬಹುದು. 1901ರಲ್ಲಿ ಈ 'ರಾಜ್ಯ'ದ ಒಟ್ಟು ಜನಸಂಖ್ಯೆ 18,446. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ಇದೊಂದು ದ್ವೀಪ. 1948ರ ಮಾರ್ಚ್ 8ರಂದು ಅದೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಆ ಚಿಕ್ಕ ದ್ವೀಪದಲ್ಲಿ ಯಾರು ಯಾರು ನೆಲೆ ನಿಂತರು ನೋಡಿ. ಉತ್ತರಾದಿ ಮಠದ ಶ್ರೀ ಸತ್ಯಬೋಧ ತೀರ್ಥರು 1783ರಲ್ಲಿ ಬೃಂದಾವನಸ್ಥರಾದದ್ದು ಸವಣೂರಿನಲ್ಲಿ. ಹೈದರನ ಬೀಗರಾದ ಅಬ್ದುಲ್ ಹಕೀಮ್ ಖಾನರೇ ಆಗ ನವಾಬರು. ಇಂದಿಗೂ ಮಾಧ್ವ ಯಾತ್ರಿಕರು ದೂರದ ಊರುಗಳಿಂದ ಆ ಬೃಂದಾವನಕ್ಕೆ ಬರುತ್ತಾರೆ. ಚಿಕ್ಕವನಿದ್ದಾಗ ನನ್ನ ಅಜ್ಜಿ ದಾರಿ ಹೇಳುತ್ತಿದ್ದುದೇ 'ಸ್ವಾಮಿಗಳ ಮಠದಿಂದ ಎಡಕ್ಕೆ, ಮಸೂತಿಯಿಂದ ಬಲಕ್ಕೆ' ಎಂದು. ಮನೆಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ. ಬೈಯುವಾಗ ಮಾತ್ರ ಎರಡೂ ಕೂಡಿ ಬರುತ್ತಿದ್ದವು.

ಆದರೆ ಸವಣೂರು ಎಂದರೆ ಹೊರಗಿನವರಿಗೆ ನೆನಪಾಗುವುದು ನವಾಬರಲ್ಲ, ಎಲೆ. ಸವಣೂರು ಎಲೆ ಎಂದರೆ ವೀಳ್ಯದೆಲೆ. ಈ ಎಲೆಯ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಸೋದರಮಾವ ಎಲೆತೋಟದವರು, ನಾನು ರಜೆಯಲ್ಲಿ ಅಲ್ಲಿ ದುಡಿದವನು.

ಎಲೆಬಳ್ಳಿಗೆ ಬಿಸಿಲು ಬೇಕು, ಆದರೆ ನೇರ ಬಿಸಿಲು ಬೇಡ. ನೀರು ಬೇಕು, ಆದರೆ ಬುಡದಲ್ಲಿ ನಿಂತರೆ ಕೊಳೆಯುತ್ತದೆ. ಆದ್ದರಿಂದ ಮೊದಲು ಸಾಲಾಗಿ ನುಗ್ಗೆ, ಚೊಗಚೆ, ಹಾಲುವಾಣ ಬೆಳೆಸಿ ನೆರಳು ಮಾಡುತ್ತಾರೆ. ಆಮೇಲೆ ಬಳ್ಳಿಯ ತುಂಡುಗಳನ್ನು ನೆಟ್ಟು, ಅವು ಮೇಲೇರಿದ ಹಾಗೆ ಮರಕ್ಕೆ ಕಟ್ಟುತ್ತಾ ಹೋಗುತ್ತಾರೆ. ಬಳ್ಳಿ ತುಂಬಾ ಎತ್ತರವಾದರೆ ಎಲೆ ಸಣ್ಣದಾಗುತ್ತದೆ. ಆಗ ಬಳ್ಳಿಯನ್ನೇ ಕೆಳಗಿಳಿಸಿ, ಬುಡದ ಭಾಗವನ್ನು ಸುರುಳಿ ಸುತ್ತಿ ಮಣ್ಣಿನಲ್ಲಿ ಹೂಳಿ, ತುದಿಯನ್ನು ಮತ್ತೆ ಮೊದಲಿನಿಂದ ಹತ್ತಿಸಬೇಕು. ಮೇಲೆ ಕೆರೆಯ ಗೋಡು ಹಾಕಬೇಕು. ಈ ಬಳ್ಳಿ ಇಳಿಸುವ ಕೆಲಸ ಯಂತ್ರದಿಂದ ಆಗದು, ಅವಸರದಿಂದಲೂ ಆಗದು. ಎಲೆ ಕೊಯ್ಯುವುದು ಹೆಬ್ಬೆರಳ ಉಗುರಿನಿಂದ. ಕೊಯ್ದ ಎಲೆಯನ್ನು ಎಣಿಸಿ, ಕಟ್ಟು ಕಟ್ಟಿ, ಬಾಳೆ ಪಟ್ಟೆಯಲ್ಲಿ ಸುತ್ತಿ, ಪೆಂಡಿ ಮಾಡಿ, ಅದು ಬಾಡುವ ಮೊದಲು ಪೇಟೆ ಸೇರಿಸಬೇಕು. ನನ್ನ ಮಾವನ ಬೆರಳುಗಳು ಮಾತನಾಡುತ್ತಲೇ ನೂರು ಎಲೆ ಎಣಿಸುತ್ತಿದ್ದವು. ಗಣಿತದಲ್ಲಿ ನನಗೆ ಬಂದ ಅಂಕಗಳಿಗಿಂತ ಅವರ ಬೆರಳಿನ ಲೆಕ್ಕ ಗಟ್ಟಿ.

ಇದಕ್ಕೆಲ್ಲ ಮೂಲ ನೀರು. ಊರಲ್ಲಿ ಮೋತಿ ತಲಾಬ್ ಎಂಬ ಕೆರೆ ಇದೆ, ಇನ್ನೂ ಹಲವು ಹೊಂಡ ಬಾವಿಗಳಿದ್ದವು. ಕೆರೆ ತುಂಬಿದರೆ ತೋಟದ ಬಾವಿಗೆ ಸೆಲೆ. ಕೆರೆಯ ಹೂಳು ತೋಟಕ್ಕೆ ಗೊಬ್ಬರ, ಹೂಳು ತೆಗೆದದ್ದರಿಂದ ಕೆರೆಗೆ ಮತ್ತೆ ಜಾಗ. ಒಬ್ಬರ ಕಸ ಇನ್ನೊಬ್ಬರ ಗೊಬ್ಬರವಾಗುವ ಈ ಏರ್ಪಾಟನ್ನು ಮಾಡಿದವರು ಯಾವ ಕಾಲೇಜಿಗೂ ಹೋಗಿರಲಿಲ್ಲ. ಕೊಳವೆ ಬಾವಿ ಬಂದ ಮೇಲೆ ಹೂಳು ಎತ್ತುವವರು ಕಡಿಮೆಯಾದರು. ನಮ್ಮ ಮಾವನ ಬಾವಿ ಒಂದು ಬೇಸಿಗೆ ಬತ್ತಿತು, ಮುಂದಿನ ವರ್ಷ ಅರ್ಧ ಬಳ್ಳಿ ಒಣಗಿತು. ಗುಟ್ಕಾ ಬಂದು ಎಲೆ ತಿನ್ನುವ ಗಿರಾಕಿಯೂ ಕಡಿಮೆಯಾಗಿದ್ದ. ಮೂವರು ಮಕ್ಕಳಲ್ಲಿ ಯಾರಿಗೂ ಬಳ್ಳಿ ಇಳಿಸುವುದು ಬರುತ್ತಿರಲಿಲ್ಲ. ತೋಟ ನಿವೇಶನವಾಯಿತು. ತಪ್ಪು ಯಾರದೆಂದು ನಾನು ಹೇಳಲಾರೆ, ಏಕೆಂದರೆ ಅದನ್ನು ಮಾರಿದ ಹಣದಲ್ಲೇ ಒಬ್ಬ ಮಗ ಇಂಜಿನಿಯರಾದ. ಎಲೆತೋಟ ಸವಣೂರಿನಲ್ಲಿ ಈಗಲೂ ಇದೆ, ಎಲೆಗೆ ಹೆಸರೂ ಇದೆ. ಆದರೆ ನಾನು ಕಂಡ ಆ ಒಂದು ತೋಟದ ಜಾಗದಲ್ಲಿ ಈಗ ಮೂರು ಮನೆ, ಒಂದು ಮೊಬೈಲ್ ಅಂಗಡಿ.

ಶಾಲೆಗೆ ಬರುತ್ತೇನೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸವಣೂರಿನ ಕೊನೆಯ ನವಾಬರ ಹೆಸರು ಅಬ್ದುಲ್ ಮಜೀದ್ ಖಾನ್. ಅವರ ಕಾಲದಲ್ಲಿ ಊರಿನಲ್ಲಿದ್ದ ಹೈಸ್ಕೂಲು ಮಜೀದ್ ಹೈಸ್ಕೂಲು. ಅಲ್ಲಿ ಕಲಿತ ಹುಡುಗರಲ್ಲಿ ಒಬ್ಬ, 1909ರ ಆಗಸ್ಟ್ 9ರಂದು ಇದೇ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕ. ಅಲ್ಲಿಂದ ಧಾರವಾಡದ ಕರ್ನಾಟಕ ಕಾಲೇಜು, ಅಲ್ಲಿಂದ ಆಕ್ಸ್‌ಫರ್ಡ್. ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 'ಭಾರತ ಸಿಂಧು ರಶ್ಮಿ' ಎಂಬ ಮಹಾಕಾವ್ಯ ಬರೆದು, 1990ರ ಜ್ಞಾನಪೀಠ ಪ್ರಶಸ್ತಿ ಪಡೆದವರು ಅವರು. ಅವರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕೆಂದು ವರದಿ ಕೊಟ್ಟಿತು. ಮರುವರ್ಷ ಅದರ ಹೆಸರಿನಲ್ಲಿ ನಾಡೆಲ್ಲ ಬೀದಿಗಿಳಿದದ್ದು ನಿಮ್ಮ ತಂದೆತಾಯಿಗಳಿಗೆ ನೆನಪಿರಬಹುದು.

ಆ ಚಳವಳಿಯ ದಿನಗಳಲ್ಲಿ ಉರ್ದು ಮನೆಮಾತಿನ ನಮ್ಮಂಥವರಿಗೆ ಒಂದು ಅಳುಕು ಇತ್ತು, ಮುಚ್ಚಿಡುವುದಿಲ್ಲ. ನಮ್ಮ ಮಕ್ಕಳ ಗತಿ ಏನು ಎಂದು ಸಭೆಗಳಾದವು. ನಾನು ಆಗ ಹೊಸ ಶಿಕ್ಷಕ. ಗೋಕಾಕರು ಉರ್ದು ಮಾತಿನ ನವಾಬರ ಊರಿನ ಹೈಸ್ಕೂಲಿನಲ್ಲಿ ಕಲಿತು ಬಂದವರು ಎಂದು ಒಂದು ಸಭೆಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ಒಬ್ಬರು ಎದ್ದು, 'ಮಾಸ್ತರರೇ, ಅದು ಬೇರೆ ಗೋಕಾಕ ಇರಬೇಕು' ಎಂದರು.

ಇಷ್ಟು ಹೊಗಳಿದ ಮೇಲೆ ಇನ್ನೊಂದನ್ನು ಹೇಳದೆ ಹೋದರೆ ನಾನು ನಿಮಗೆ ಅರ್ಧ ಊರನ್ನು ಮಾತ್ರ ತೋರಿಸಿದಂತೆ. 2010ರ ಜುಲೈ ತಿಂಗಳಲ್ಲಿ ಸವಣೂರಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ತಲೆತಲಾಂತರದಿಂದ ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟಿದ್ದ ಕೆಲವು ಕುಟುಂಬಗಳಿಗೆ, ದಶಕಗಳಿಂದ ವಾಸವಿದ್ದ ಜಾಗ ಬಿಡಲು ಹೇಳಲಾಗಿತ್ತು. ಅವರ ಅಹವಾಲು ಯಾರಿಗೂ ಕೇಳಿಸಲಿಲ್ಲ. ಆಗ ಅವರು ಪುರಸಭೆಯ ಕಚೇರಿಯ ಎದುರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು. ಆಮೇಲೆ ಅಧಿಕಾರಿಗಳು ಬಂದರು, ಸಾಹಿತಿಗಳು ಬಂದರು, ಪುನರ್ವಸತಿಯ ಮಾತಾಯಿತು. 2013ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂತು.

ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಮಠ, ಮಸೀದಿ ಎಂದು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ ಆ ಊರಿನ ಬೀದಿಗಳಲ್ಲಿ ರಜೆಯ ಎಷ್ಟೋ ಬೆಳಿಗ್ಗೆ ಅವರು ನನ್ನ ಎದುರಿಗೇ ಹಾದುಹೋಗಿರಬೇಕು. ಅಜ್ಜಿ ಹೇಳಿದ ದಾರಿಗಳಲ್ಲಿ ಅವರ ಮನೆಗಳ ಗುರುತು ಇರಲಿಲ್ಲ. ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂದು ನಾನು, ಶಿಕ್ಷಕನಾಗಿದ್ದೂ, ಒಂದು ದಿನವೂ ಕೇಳಿರಲಿಲ್ಲ. ನಿಮ್ಮ ಸಂಘದ ವಿದ್ಯಾರ್ಥಿವೇತನದ ಪಟ್ಟಿಯನ್ನು ಈಗಷ್ಟೇ ಓದಿದರು. ನಿಮ್ಮ ಊರಿನ ಪೌರಕಾರ್ಮಿಕರ ಮಕ್ಕಳು ಅದರಲ್ಲಿ ಇದ್ದಾರೆಯೇ ಎಂದು ಪದಾಧಿಕಾರಿಗಳನ್ನು ಕೇಳುತ್ತೇನೆ. ಉತ್ತರ ಇಲ್ಲೇ ಕೊಡಬೇಕೆಂದಿಲ್ಲ.

ವಿದ್ಯಾರ್ಥಿಗಳು ಸವಣೂರಿಗೆ ಪ್ರವಾಸ ಹೋದರೆ ಕಲ್ಮಠದ ಆವರಣದ ದೊಡ್ಡ ಹುಣಸೆ ಮರಗಳನ್ನು ತಪ್ಪದೆ ನೋಡಿ. ಹೆಸರು ಹುಣಸೆ, ಆದರೆ ಹುಣಸೆಯ ಜಾತಿಯಲ್ಲ. ಅವು ಆಫ್ರಿಕಾ ಮೂಲದ ಬಾವೋಬಾಬ್. ಎಂಟು ಹತ್ತು ಜನ ಕೈ ಕೈ ಹಿಡಿದು ನಿಂತರೂ ಸುತ್ತಲು ಕಷ್ಟವಾಗುವ ಕಾಂಡ. ಸಮುದ್ರ ದಾಟಿ ಬಂದ ವರ್ತಕರೋ ಸೈನಿಕರೋ ಬೀಜ ತಂದಿರಬೇಕೆಂದು ತಿಳಿದವರು ಊಹಿಸುತ್ತಾರೆ. ಊರಿನವರ ಪ್ರಕಾರ ಎರಡು ಸಾವಿರ ವರ್ಷ ಹಳೆಯವು. ಅಲ್ಲಿದ್ದ ಮೂರು ಮರಗಳಲ್ಲಿ ಒಂದು 2023ರ ಜುಲೈ ಮಳೆಯಲ್ಲಿ ಬುಡಸಮೇತ ಉರುಳಿತು. ಕಡಿದು ಸೌದೆ ಮಾಡಬಹುದಿತ್ತು. ಹಾಗೆ ಮಾಡದೆ ಕೊಂಬೆ ಸವರಿ, ಯಂತ್ರಗಳಿಂದ ಎತ್ತಿ, ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದರು.

ಬರುವಾಗ ಸವಣೂರಿನಿಂದ ಎರಡು ಕಟ್ಟು ಎಲೆ, ನಾಲ್ಕು ಪೊಟ್ಟಣ ಖಾರ ತಂದಿದ್ದೇನೆ. ಸವಣೂರು ಖಾರ ಎಂದರೆ ಏನೆಂದು ತಿಂದವರಿಗೇ ಗೊತ್ತು, ಪಕ್ಕದಲ್ಲಿ ನೀರಿಟ್ಟುಕೊಳ್ಳಿ. ಅಧ್ಯಕ್ಷರ ಮೇಜಿನ ಮೇಲೆ ಇವೆ. ಎಲೆ ಹಿರಿಯರಿಗೆ, ಖಾರ ಹಿಂದಿನ ಸಾಲಿನ ಹುಡುಗರಿಗೆ.