ಉಪ್ಪು ಹಿಡಿದ ಕೈಗಳು

‘ನಮ್ಮಿಂದ ಏನಾಗುತ್ತದೆ? ಎಲ್ಲ ಬೆಂಗಳೂರಲ್ಲೋ ದಿಲ್ಲಿಯಲ್ಲೋ ತೀರ್ಮಾನವಾಗಿರುತ್ತದೆ.’ ಮೀನುಪೇಟೆಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಬರುವ ಮಾತಿದು.

ಆದರೆ ಹಾಗೆಂದು ಕೈಕಟ್ಟಿ ಕೂರದವರೂ ಇದ್ದರು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉತ್ತರ ಕನ್ನಡದ ಅಂಕೋಲೆಯ ಜನ ಬ್ರಿಟಿಷರ ಉಪ್ಪಿನ ಕಾನೂನು ಮುರಿದರು. ಅವರಲ್ಲಿ ಹೆಚ್ಚಿನವರಿಗೆ ಆಗ ಮತದಾನದ ಹಕ್ಕೂ ಇರಲಿಲ್ಲ. ಮುಂದೆ ಇದೇ ತಾಲ್ಲೂಕಿನ ರೈತರು ಕಂದಾಯ ಕೊಡೆವು ಎಂದರು. ಜಮೀನು ಜಪ್ತಿಯಾಯಿತು, ಹಲವರು ಜೈಲು ಕಂಡರು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಲ್ಲಿ ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂತು.

ಕಾರವಾರದಲ್ಲಿ 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಯಿಂದ ಟ್ಯಾಗೋರ್ ಕಡಲತೀರ ಕೈತಪ್ಪುತ್ತದೆಂದು ಮೀನುಗಾರರು ಬೀದಿಗಿಳಿದರು, ಹೈಕೋರ್ಟಿಗೂ ಹೋದರು. ಕಾಮಗಾರಿಗೆ ತಡೆಯಾಜ್ಞೆ ಬಂತು.

ಗೆಲುವು ಪ್ರತಿಸಲ ಸಿಗುವುದಿಲ್ಲ. ಕಾರವಾರದ ಸೀಬರ್ಡ್ ನೌಕಾನೆಲೆಗೆ ನೆಲ ಬಿಟ್ಟುಕೊಟ್ಟವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದರು. ಕೇಳುವುದನ್ನೇ ಬಿಟ್ಟಿದ್ದರೆ ಬಂದಷ್ಟೂ ಬರುತ್ತಿರಲಿಲ್ಲ.

ನಮ್ಮಿಂದಲೂ ಆಗುತ್ತದೆಂಬ ನಂಬಿಕೆ ಹುಟ್ಟಲಿ, ಆಮೇಲೆ ನೋಡೋಣ ಎಂದು ಕೂತರೆ ಅದು ಹುಟ್ಟುವುದೇ ಇಲ್ಲ. ಕೈಹಾಕಿದವರಲ್ಲೇ ಅದು ಬೆಳೆಯುವುದು. ಮುಂದಿನ ಗ್ರಾಮಸಭೆಗೆ ಹೋಗಿ. ನೀರಿನದೋ ರಸ್ತೆಯದೋ ಒಂದು ಪ್ರಶ್ನೆ ಕೇಳಿ. ಕೊಟ್ಟ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಬನ್ನಿ.